ಇಡೀ ರಾತ್ರಿಯ ಆಟಕ್ಕೆ ಯಾವ ಸೆಲ್ಲು?

ಕಾಸರಗೋಡು ಜಿಲ್ಲೆಯ ಕುಂಬಳೆ, ಮಧೂರು, ಮುಳ್ಳೇರಿಯ ಆಸುಪಾಸಿನಲ್ಲಿ ನಡೆಯುವ ಯಕ್ಷಗಾನ ಬಯಲಾಟಗಳ ಫೋಟೊ ತೆಗೆಯುವುದು ನನ್ನ ಬಹುಕಾಲದ ಹವ್ಯಾಸ. ನನ್ನ ಕ್ಯಾಮೆರಾ ಎರಡು ಡಬಲ್ ಎ ಸೆಲ್ಲುಗಳಲ್ಲಿ ನಡೆಯುವ ಹಳೆಯ ಮಾದರಿಯದು. ಹಾಗಾಗಿ ಮೇಳಗಳ ಎರಡು ತಿರುಗಾಟಗಳ, ಅಂದರೆ ಆಟದ ಎರಡು ಋತುಗಳ ಅವಧಿಯಲ್ಲಿ ನಾಲ್ಕು ಬಗೆಯ ಸೆಲ್ಲುಗಳನ್ನು ಅದೇ ಕ್ಯಾಮೆರಾದಲ್ಲಿ ಹಾಕಿ ನೋಡಿದೆ.

ಯಾವ ಪೇಟೆಯಲ್ಲೂ ಸಿಗುವುದು ಆಲ್ಕಲೈನ್ ಸೆಲ್ಲು. ದೇವಿ ಮಹಾತ್ಮೆಯ ಆಟವೊಂದರಲ್ಲಿ ಮಹಿಷಾಸುರನು ದೊಂದಿಗಳ ಬೆಳಕಿನಲ್ಲಿ ಜನರ ನಡುವಿನಿಂದ ಅಬ್ಬರಿಸುತ್ತ ಬರುತ್ತಿದ್ದಾಗ, ಮುಂದಕ್ಕೆ ಚಾಚಿದ್ದ ಲೆನ್ಸು ಅಲ್ಲಿಯೇ ನಿಂತು ಪರದೆ ಕಪ್ಪಾಯಿತು. ಸೆಲ್ಲುಗಳನ್ನು ತೆಗೆದು ಹತ್ತು ನಿಮಿಷ ಕಿಸೆಯಲ್ಲಿಟ್ಟು ಮತ್ತೆ ಹಾಕಿದರೆ ಮೂರು ಚಿತ್ರಗಳು ಬಂದವು. ಆ ಸೆಲ್ಲುಗಳಲ್ಲೊಂದು ಆಮೇಲೆ ಮನೆಯ ಗೋಡೆ ಗಡಿಯಾರವನ್ನು ಮಳೆಗಾಲ ಮುಗಿಯುವ ತನಕ ನಡೆಸಿತು. ಅಂದರೆ ಸೆಲ್ಲಿನಲ್ಲಿ ಶಕ್ತಿ ಇನ್ನೂ ಉಳಿದಿತ್ತು. ಆಲ್ಕಲೈನಿನ ಒಳರೋಧ (ವಿದ್ಯುತ್ತಿನ ಹರಿವಿಗೆ ಸೆಲ್ಲಿನೊಳಗೇ ಇರುವ ತಡೆ) ಹೆಚ್ಚಿರುವುದರಿಂದ, ಫ್ಲಾಶ್ ತುಂಬಿಕೊಳ್ಳುವಾಗಲೋ ಲೆನ್ಸಿನ ಮೋಟಾರು ತಿರುಗುವಾಗಲೋ ಕ್ಯಾಮೆರಾ ಒಮ್ಮೆಲೇ ಹೆಚ್ಚು ವಿದ್ಯುತ್ತನ್ನು ಎಳೆದರೆ ವೋಲ್ಟೇಜು ಕುಸಿಯುತ್ತದೆ, ಕ್ಯಾಮೆರಾ ಅದನ್ನು ಸೆಲ್ಲು ಮುಗಿದ ಲಕ್ಷಣವೆಂದೇ ತಿಳಿಯುತ್ತದೆ.

ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಿನ ಮೇಲೆ 1.2 ವೋಲ್ಟ್ ಎಂದಷ್ಟೇ ಬರೆದಿರುವುದನ್ನು ಕಂಡು 1.5 ವೋಲ್ಟಿನ ಆಲ್ಕಲೈನೇ ಮೇಲೆಂದು ನಾನೂ ಮೊದಲು ನಂಬಿದ್ದೆ. ಆದರೆ ಇದು ಆ 1.2 ವೋಲ್ಟನ್ನು ಭಾರ ಬಿದ್ದಾಗಲೂ ಬಹುಮಟ್ಟಿಗೆ ಕೊನೆಯವರೆಗೆ ಉಳಿಸಿಕೊಳ್ಳುತ್ತದೆ. ಇದರಲ್ಲೇ ಎರಡು ಬಗೆಗಳಿವೆ. ನಾನು ಮೊದಲು ಕೊಂಡದ್ದು 2700 ಎಂಎಎಚ್ (ಸೆಲ್ಲಿಗೆ ಎಷ್ಟು ವಿದ್ಯುತ್ತು ಹಿಡಿಸುತ್ತದೆ ಎಂಬುದರ ಅಳತೆ) ಎಂದು ದೊಡ್ಡದಾಗಿ ಬರೆದಿದ್ದ ಸಾಮಾನ್ಯ ಬಗೆ. ಆಮೇಲಿನದು 2000 ಎಂಎಎಚ್‌ನ ಎನೆಲೂಪ್. ಇಟ್ಟಲ್ಲೇ ಬರಿದಾಗುವ ದೋಷವನ್ನು ಬಹಳ ಕಡಿಮೆ ಮಾಡಿದ ಈ ಸೆಲ್ಲನ್ನು ಸಾನ್ಯೊ ಸಂಸ್ಥೆ 2005ರಲ್ಲಿ ಮಾರುಕಟ್ಟೆಗೆ ತಂದಿತು. ಚಾರ್ಜ್ ಮಾಡಿದ ದಿನವೇ ಬಳಸಿದಾಗ 2700ರದ್ದೇ ಹೆಚ್ಚು ಚಿತ್ರ ಕೊಟ್ಟಿತು. ಆದರೆ ಮೂರು ವಾರ ಚೀಲದಲ್ಲಿಟ್ಟು ಹೊರಟಾಗ, ಅದೂ ನಮ್ಮ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ, ಅದು ನಡುರಾತ್ರಿಗೇ ಸೋತಿತು. ಎನೆಲೂಪ್ ಮಂಗಳದವರೆಗೆ, ಅಂದರೆ ಆಟ ಮುಗಿಯುವವರೆಗೆ ನಡೆಯಿತು. ಸಂಜೆ ಐದಕ್ಕೆ ಯಾರೋ ಫೋನು ಮಾಡಿ "ಇವತ್ತು ಆಟ ಉಂಟು, ಬರ್ತೀರಾ?" ಎಂದರೆ ಚಾರ್ಜ್ ಮಾಡಲು ಪುರುಸೊತ್ತಿರುವುದಿಲ್ಲವಾದ್ದರಿಂದ, ನನ್ನ ಮಟ್ಟಿಗೆ ಈ ಗುಣವೇ ನಿರ್ಣಾಯಕ.

ಒಮ್ಮೆ ಬಳಸಿ ಬಿಡುವ ಲೀಥಿಯಂ ಸೆಲ್ಲು ಎಲ್ಲಕ್ಕಿಂತ ಹೆಚ್ಚು ಬಾಳಿತು. ಆಲ್ಕಲೈನ್ ಸುಮಾರು 23 ಗ್ರಾಂ ತೂಗಿದರೆ ಇದು 15 ಗ್ರಾಂ. ಬೆಲೆ ನೋಡಿದರೆ ಪ್ರತಿ ಆಟಕ್ಕೂ ಒಗ್ಗುವಂಥದಲ್ಲ. ಒಂದು ಜೋಡಿಯನ್ನು ಬಿಚ್ಚದೆ ಚೀಲದ ತಳದಲ್ಲಿ ಇಟ್ಟಿದ್ದೇನೆ.

ಸೆಲ್ಲಿನಷ್ಟೇ ಎಚ್ಚರ ಚಾರ್ಜರಿಗೂ ಬೇಕು. ನನ್ನ ಮೊದಲ ಚಾರ್ಜರು ಎರಡೆರಡು ಸೆಲ್ಲುಗಳನ್ನು ಜೋಡಿಯಾಗಿಯೇ ತುಂಬುತ್ತಿತ್ತು, ಗಂಟೆ ಲೆಕ್ಕದಲ್ಲಿ ನಿಲ್ಲುತ್ತಿತ್ತು. ಮೇ ತಿಂಗಳ ಸಿಡಿಲು ಮಳೆಗೆ ಕರೆಂಟು ಹೋಗಿ ಬಂದಾಗಲೆಲ್ಲ ಆ ಲೆಕ್ಕ ಮೊದಲಿನಿಂದ ಶುರುವಾಗಿ, ಆಗಲೇ ತುಂಬಿದ್ದ ಸೆಲ್ಲಿಗೆ ಮತ್ತೆ ಮತ್ತೆ ತುಂಬುತ್ತಿತ್ತು. ಬೆಳಗ್ಗೆ ಮುಟ್ಟಿದರೆ ಕೈ ಹಿಂದೆಗೆಯುವಷ್ಟು ಬಿಸಿ. ಆ 2700ರ ಜೋಡಿ ಬೇಗನೆ ಕೆಟ್ಟದ್ದಕ್ಕೆ ಇದೂ ಕಾರಣವೆಂದು ನನ್ನ ಅಭಿಪ್ರಾಯ. ಈಗಿನದು ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ಗಮನಿಸುತ್ತದೆ. ತುಂಬಿದ ಸೆಲ್ಲಿನ ವೋಲ್ಟೇಜು ಏರುವುದು ನಿಂತು ಕೂದಲೆಳೆಯಷ್ಟು ಇಳಿಯುತ್ತದೆ, ಆ ಇಳಿತವನ್ನು ಗುರುತಿಸಿ ಚಾರ್ಜರು ನಿಲ್ಲುತ್ತದೆ. ತೀರಾ ನಿಧಾನವಾಗಿ ತುಂಬಿದರೆ ಆ ಇಳಿತ ಸ್ಪಷ್ಟವಾಗಿ ಕಾಣದು, ತೀರಾ ವೇಗವಾದರೆ ಸೆಲ್ಲು ಬಿಸಿಯಾಗುತ್ತದೆ. 2000 ಎಂಎಎಚ್‌ನ ಸೆಲ್ಲಿಗೆ ನಾನು 1000 ಮಿಲಿ ಆಂಪಿಯರ್ ಇಡುತ್ತೇನೆ, ಎರಡು ಗಂಟೆಗೆ ಸ್ವಲ್ಪ ಮಿಕ್ಕಿ ಮುಗಿಯುತ್ತದೆ.

ಒಟ್ಟಿಗೆ ಕೊಂಡ ಸೆಲ್ಲುಗಳು ಬೇರೆಯವುಗಳೊಂದಿಗೆ ಬೆರೆಯದಂತೆ ಮಾರ್ಕರಿನಿಂದ ಅ, ಆ, ಇ ಎಂದು ಗುರುತು ಹಾಕಿದ್ದೇನೆ. 'ಇ' ಜೋಡಿಯ ಒಂದು ಸೆಲ್ಲು ಈಚೆಗೆ ಇನ್ನೊಂದಕ್ಕಿಂತ ಅರ್ಧ ಗಂಟೆ ಮೊದಲೇ ತುಂಬಿಬಿಡುತ್ತದೆ, ಅದಕ್ಕೆ ಹಿಡಿಸುವುದೇ ಕಡಿಮೆಯಾಗಿದೆ; ಆ ಜೋಡಿಯನ್ನು ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಹೋಗುವ ದಾರಿಯ ಟಾರ್ಚಿಗೆ ಹಾಕಿದ್ದೇನೆ.