ಅಕ್ಯುಪಂಕ್ಚರ್ ನಂಬಿ ಖಿನ್ನತೆಯ ಮಾತ್ರೆ ಬಿಟ್ಟೆ, ನೀವು ಬಿಡಬೇಡಿ

ಸಿಂಗಪುರದಲ್ಲಿರುವ ಕನ್ನಡದ ಹೆಣ್ಣುಮಕ್ಕಳೇ, ಅದರಲ್ಲೂ ಬಾಣಂತಿಯರೇ, ದಯವಿಟ್ಟು ಇದನ್ನು ಓದಿ.

ಎರಡನೇ ಮಗು ಹುಟ್ಟಿದ ಮೇಲೆ ನನಗೆ ಖಿನ್ನತೆ ಶುರುವಾಯಿತು. ಮಗು ಮಲಗಿದ್ದರೂ ನನಗೆ ನಿದ್ದೆ ಇಲ್ಲ. ಎದೆ ಡವಡವ. ಸುಮ್ನೆ ಅಳು. ಡಾಕ್ಟರ್ ಸರ್ಟ್ರಾಲಿನ್ ಅನ್ನುವ ಖಿನ್ನತೆಯ ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ಎಷ್ಟೋ ಸುಧಾರಿಸಿದೆ. ಹಾಲು ಕುಡಿಸುವಾಗಲೂ ತಗೊಳ್ಳಬಹುದು ಎಂದು ಡಾಕ್ಟರ್ ಹೇಳಿದ್ದರು. ಆದರೂ ಮನಸ್ಸಿಗೆ ಸಮಾಧಾನ ಇರಲಿಲ್ಲ. ಊರಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ "ಇನ್ನೂ ಎಷ್ಟು ದಿನ ನುಂಗ್ತೀಯೇ?" ಅನ್ನುತ್ತಿದ್ದರು.

ಪಕ್ಕದ ಮನೆಯ ಆಂಟಿ ತಮಗೆ ಗೊತ್ತಿದ್ದ ಒಬ್ಬರ ಹತ್ತಿರ ಕರೆದುಕೊಂಡು ಹೋದರು. ಫ್ಲ್ಯಾಟ್‌ನಲ್ಲೇ ಚೀನೀ ವೈದ್ಯ. ನೋಂದಣಿ ಇದೆಯಾ ಅಂತ ನಾನು ಕೇಳಲೇ ಇಲ್ಲ.

ಮೊದಲ ದಿನ ಒಂದು ಗಂಟೆ ಮಾತಾಡಿಸಿದರು. ಎರಡೂ ಕೈಯ ನಾಡಿ ಹಿಡಿದರು, ನಾಲಿಗೆ ನೋಡಿದರು. ಮುಟ್ಟು, ನಿದ್ದೆ, ಊಟ, ಸಿಟ್ಟು, ಎಲ್ಲವನ್ನೂ ಕೇಳಿದರು. "ಲಿವರ್‌ನಲ್ಲಿ ಚೀ ಕಟ್ಟಿಕೊಂಡಿದೆ" ಎಂದರು. ಚೀ ಅಂದರೆ ಅವರ ಪ್ರಕಾರ ಮೈಯಲ್ಲಿ ಹರಿಯುವ ಪ್ರಾಣಶಕ್ತಿ. ಖಿನ್ನತೆಗೆ ಚೀನೀ ವೈದ್ಯರು ಹೆಚ್ಚಾಗಿ ಹೇಳುವ ಕಾರಣ ಇದು. ಹುಬ್ಬುಗಳ ನಡುವೆ, ನೆತ್ತಿಗೆ, ಮಣಿಕಟ್ಟಿಗೆ ಅಕ್ಯುಪಂಕ್ಚರ್ ಸೂಜಿ ಹಾಕಿ ಅರ್ಧ ಗಂಟೆ ಮಲಗಿಸಿದರು. ಹೆರಿಗೆಯಾದ ಮೇಲೆ ಯಾರೂ ಕರೆಯದೆ ಅಷ್ಟು ಹೊತ್ತು ಮಲಗಿದ್ದು ಅದೇ ಮೊದಲು. ಮನಸ್ಸು ಹಗುರಾಯಿತು. ವಾಸಿಯಾಗುತ್ತಿದೆ ಅಂದುಕೊಂಡೆ.

ಮೂರನೇ ಸಲ ಹೋದಾಗ ಕಂದು ಪುಡಿಯ ಪೊಟ್ಟಣ ಕೊಟ್ಟು, "ಆ ಮಾತ್ರೆ ವಿಷ, ಇವತ್ತೇ ನಿಲ್ಲಿಸು" ಎಂದರು. ಪೊಟ್ಟಣದ ಮೇಲೆ ಒಂದಕ್ಷರ ಇರಲಿಲ್ಲ. ನಿಲ್ಲಿಸಿಬಿಟ್ಟೆ. ನಮ್ಮೆಜಮಾನ್ರಿಗೂ ಹೇಳಲಿಲ್ಲ.

ಮೂರು ದಿನಕ್ಕೆ ತಲೆಸುತ್ತು. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. "ವಿಷ ಹೊರಗೆ ಹೋಗ್ತಿದೆ, ಒಳ್ಳೆಯದೇ" ಎಂದರು ಅವರು. ಇಂಥ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಹೀಗಾಗುತ್ತದೆ, ಡೋಸ್ ನಿಧಾನವಾಗಿ ಇಳಿಸಬೇಕು ಅಂತ ನನಗೆ ಆಮೇಲೆ ಗೊತ್ತಾಯಿತು. ತಿಂಗಳೊಳಗೆ ಖಿನ್ನತೆ ಮೊದಲಿಗಿಂತ ಜೋರಾಗಿ ಬಂತು. ನಾನಿಲ್ಲದಿದ್ದರೆ ಮಕ್ಕಳು ಚೆನ್ನಾಗಿರುತ್ತಾರೆ ಅನ್ನಿಸತೊಡಗಿತು. ಒಂದು ರಾತ್ರಿ ಬಚ್ಚಲಿನ ನೆಲದ ಮೇಲೆ ಕೂತಿದ್ದವಳನ್ನು ಯಜಮಾನರು ನೋಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಲ್ಲಿನ ಡಾಕ್ಟರ್ ಮೊದಲು ಕೇಳಿದ್ದು, "ಆ ಪುಡಿಯಲ್ಲಿ ಏನಿತ್ತು?" ನನಗೆ ಗೊತ್ತಿರಲಿಲ್ಲ. ಮಗು ನನ್ನ ಹಾಲು ಕುಡಿಯುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಲಸುತ್ತದೆ.

ಚೀನೀ ಔಷಧ, ಗಿಡಮೂಲಿಕೆ ಅಂದಮಾತ್ರಕ್ಕೆ ಮೃದು ಅಲ್ಲ. ಮನಸ್ಸು ಶಾಂತವಾಗಲಿ ಅಂತ ಕೊಡುವ ಹಳೇ ಚೀನೀ ಗುಳಿಗೆಯೊಂದರಲ್ಲಿ ಸಿನ್ನಬಾರ್ ಇರುತ್ತದೆ. ಸಿನ್ನಬಾರ್ ಅಂದರೆ ಪಾದರಸದ ಅದಿರು. ಹೆ ಶೌ ವು ಎಂಬ ಬೇರು ತಿಂದು ಲಿವರ್ ಕೆಟ್ಟವರಿದ್ದಾರೆ. ಎಷ್ಟೋ ಪುಡಿಗಳಲ್ಲಿ ಸೇರುವ ಜೇಷ್ಠಮಧು ಕೂಡ ಜಾಸ್ತಿಯಾದರೆ ಬಿಪಿ ಏರಿಸುತ್ತದೆ.

ಸೂಜಿಯನ್ನೇ ನಾನು ಬೈಯುತ್ತಿಲ್ಲ. ಖಿನ್ನತೆ ಇದ್ದ 755 ಜನರ ಮೇಲೆ ಇಂಗ್ಲೆಂಡಿನಲ್ಲಿ ಮಾಡಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಅಕ್ಯುಪಂಕ್ಚರ್ ಮಾಡಿಸಿಕೊಂಡವರಿಗೆ ಸ್ವಲ್ಪ ಹೆಚ್ಚು ಗುಣ ಕಂಡಿತ್ತು. ಸೂಜಿಯ ಬದಲು ಆಪ್ತಸಮಾಲೋಚನೆ ಪಡೆದವರಿಗೂ ಹೆಚ್ಚುಕಮ್ಮಿ ಹಾಗೇ ಆಗಿತ್ತು. ಅಂದರೆ ಒಬ್ಬರು ಕೂತು ನಮ್ಮ ಮಾತು ಕೇಳಿಸಿಕೊಂಡರೂ ಎಷ್ಟೋ ಹಗುರಾಗುತ್ತದೆ, ಅಲ್ವಾ? ನನಗೂ ಆ ಮೊದಲ ದಿನ ಬೇಕಾಗಿದ್ದದ್ದು ಅದೇ ಇರಬೇಕು.

ಹೋಗಲೇಬೇಕು ಅನ್ನಿಸಿದರೆ, ಇಲ್ಲಿನ ಟಿಸಿಎಂ (ಸಾಂಪ್ರದಾಯಿಕ ಚೀನೀ ವೈದ್ಯಪದ್ಧತಿ) ಮಂಡಳಿಯ ನೋಂದಾಯಿತ ವೈದ್ಯರ ಪಟ್ಟಿಯಲ್ಲಿ ಅವರ ಹೆಸರಿದೆಯಾ ನೋಡಿ. ಹೊಸ ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಲಿ. ಮಾತ್ರೆ ಬಿಡು ಅಂದರೆ ಎದ್ದು ಬನ್ನಿ.

ಸಾಯಬೇಕು ಅನ್ನಿಸಿದರೆ ಒಬ್ಬರೇ ಇರಬೇಡಿ. ಸಿಂಗಪುರದಲ್ಲಿ 1767ಕ್ಕೆ ಫೋನ್ ಮಾಡಿ. ಊರಲ್ಲಿರುವವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಹೆಸರಿಲ್ಲದ ಪೊಟ್ಟಣ ಮನೆಯಲ್ಲಿದ್ದರೆ ಎಸೆಯಬೇಡಿ, ಡಾಕ್ಟರ್‌ಗೆ ತೋರಿಸಿ. ನಾನು ಖಾಲಿ ಮಾಡಿಬಿಟ್ಟಿದ್ದೆ, ತೋರಿಸೋದಕ್ಕೆ ಏನೂ ಉಳಿದಿರಲಿಲ್ಲ.