ವೀಗನ್ ಅಡುಗೆ ಪುಸ್ತಕ ಬರೆಯುವವರಿಗೆ ಸ್ಫೂರ್ತಿ ಎಲ್ಲಿ?
ವೀಗನ್ ಅಡುಗೆ (ಹಾಲು, ಮೊಟ್ಟೆಯೂ ಸೇರಿ ಪ್ರಾಣಿಗಳಿಂದ ಬಂದ ಯಾವುದನ್ನೂ ಬಳಸದ ಅಡುಗೆ) ಪುಸ್ತಕ ಬರೆಯಲು ಹೊರಟವರು ಪಾಶ್ಚಾತ್ಯ ವೀಗನ್ ಪುಸ್ತಕಗಳನ್ನು ತೆರೆಯಬೇಕೇ, ನಮ್ಮ ಹಳೆಯ ಸಸ್ಯಾಹಾರಿ ಪಾಕಪುಸ್ತಕಗಳನ್ನೇ? ಬದಲಿ ಪದಾರ್ಥಗಳ ಲೆಕ್ಕ ಕಲಿಯಲು ಮೊದಲನೆಯವು ಮೇಲು: 1 ದೊಡ್ಡ ಚಮಚ ಅಗಸೆಬೀಜದ ಪುಡಿಯನ್ನು 3 ದೊಡ್ಡ ಚಮಚ ನೀರಿನಲ್ಲಿ ನೆನೆಸಿದರೆ ಕೇಕಿನಲ್ಲಿ ಒಂದು ಮೊಟ್ಟೆಯ ಕೆಲಸವಾಗುತ್ತದೆ ಎಂಬಂಥ ಅಳತೆಗಳು ಅಲ್ಲಿ ಸಿಗುತ್ತವೆ. ಎರಡನೆಯವುಗಳಲ್ಲಿ ಹಾಲು, ಮೊಸರು, ತುಪ್ಪ ಧಾರಾಳವಾಗಿರುವುದರಿಂದ ಪ್ರತಿ ಪುಟವನ್ನೂ ಸೋಸಿಯೇ ಓದಬೇಕು. ಆದರೂ ಹುರುಳಿಕಾಳಿನ ಬಸ್ಸಾರು, ಹಾಗಲಕಾಯಿ ಗೊಜ್ಜು, ಪುನರ್ಪುಳಿ (ಕೋಕಂ) ಸಾರುಗಳು ತುಪ್ಪದ ಬದಲು ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟೊಡನೆ ವೀಗನ್ ಆಗಿಬಿಡುತ್ತವೆ. ತಂಬುಳಿ ಮಾತ್ರ ಕಷ್ಟ: ಮಜ್ಜಿಗೆಯ ಜಾಗಕ್ಕೆ ತೆಂಗಿನ ಹಾಲು ಬಂದರೆ ಹುಳಿಯನ್ನು ನಿಂಬೆಯಿಂದ ತರಬೇಕು, ರುಚಿಯೂ (ಒಪ್ಪಿಕೊಳ್ಳೋಣ) ಬೇರೆಯೇ. ಕನ್ನಡ ಓದುಗರಿಗಾಗಿ ಬರೆಯುವುದಾದರೆ ನಾನು ಎರಡನೆಯವನ್ನೇ ಆರಿಸುತ್ತೇನೆ. ಕೇಕು, ಬಿಸ್ಕತ್ತುಗಳ ಅಧ್ಯಾಯಕ್ಕೆ ಮಾತ್ರ ಮೊದಲನೆಯವು.