ಹತ್ತನೆಯ ತರಗತಿಯ ಜೀವಶಾಸ್ತ್ರ: ಪುಣೆಯ ನಮ್ಮ ಮನೆಯಲ್ಲಿ ಓದಿ ನೋಡಿದ ಪುಸ್ತಕಗಳು

ಮಗಳು ಹತ್ತನೆಯ ತರಗತಿಗೆ ಬಂದ ವರ್ಷ ನಮ್ಮ ಮನೆಯ ಊಟದ ಮೇಜಿನ ಮೇಲೆ ಜೀವಶಾಸ್ತ್ರದ ನಾಲ್ಕು ಬಗೆಯ ಪುಸ್ತಕಗಳು ಸೇರಿದ್ದವು. ಮಹಾರಾಷ್ಟ್ರ ರಾಜ್ಯ ಮಂಡಳಿಯ ಪಠ್ಯಪುಸ್ತಕ ಅವಳದು. ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಇಂಗ್ಲಿಷ್ ಪುಸ್ತಕವನ್ನು ನಾನು ಕೊಂಡು ತಂದೆ. ಕರ್ನಾಟಕದ ಕನ್ನಡ ಮಾಧ್ಯಮದ ಪುಸ್ತಕ ಕಲಬುರಗಿಯಲ್ಲಿ ಓದಿದ ಅಣ್ಣನ ಮಗಳಿಂದ ಬಂದಿತು. ಪ್ರಶ್ನೋತ್ತರಗಳ ಡೈಜೆಸ್ಟ್ ಮಾತ್ರ ಇಲ್ಲಿಯ ಎಲ್ಲ ಮನೆಗಳಿಗೆ ಬರುವಂತೆ ಜೂನ್ ತಿಂಗಳಲ್ಲಿಯೇ ಬಂದಿತ್ತು. ಇವುಗಳ ಜೊತೆಗೆ ಮೊಬೈಲಿನ ವಿಡಿಯೊ ಪಾಠಗಳೂ ಇದ್ದವು. ನಾನು ಅಫಜಲಪುರ ತಾಲ್ಲೂಕಿನ ಭೀಮಾತೀರದ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮಗಳು ಪುಣೆಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತ, ಗೆಳತಿಯರೊಡನೆ ಮರಾಠಿಯಲ್ಲಿಯೂ ಮನೆಯಲ್ಲಿ ಕನ್ನಡದಲ್ಲಿಯೂ ಮಾತನಾಡುವವಳು. ಒಂಬತ್ತು ತಿಂಗಳು ಇವೆಲ್ಲವನ್ನೂ ಒಟ್ಟಿಗೆ ಬಳಸಿದ ಮೇಲೆ ಯಾವುದು ಯಾವ ಪಾಠಕ್ಕೆ ಒದಗಿತು, ಯಾವುದು ಒದಗಲಿಲ್ಲ ಎಂಬುದನ್ನು, ಇದೇ ದಾರಿಯಲ್ಲಿರುವ ಕನ್ನಡದ ಮನೆಗಳಿಗಾಗಿ ಬರೆಯುತ್ತಿದ್ದೇನೆ.

ರಾಜ್ಯ ಮಂಡಳಿಯ ಪುಸ್ತಕದಿಂದ ಆರಂಭಿಸುವುದು ಸರಿ, ಏಕೆಂದರೆ ಪರೀಕ್ಷೆ ನಡೆಯುವುದು ಅದರ ಮೇಲೆಯೇ. ವಿಜ್ಞಾನ ಮತ್ತು ತಂತ್ರಜ್ಞಾನ ಎಂಬ ವಿಷಯಕ್ಕೆ ಎರಡು ಭಾಗಗಳಿದ್ದು, ಒಂದೊಂದು ಭಾಗಕ್ಕೂ 40 ಅಂಕಗಳ ಪ್ರತ್ಯೇಕ ಪ್ರಶ್ನೆಪತ್ರಿಕೆ ಇರುತ್ತದೆ. ಜೀವಶಾಸ್ತ್ರವೆಲ್ಲ ಎರಡನೆಯ ಭಾಗದಲ್ಲಿದೆ: ಅನುವಂಶೀಯತೆ ಮತ್ತು ವಿಕಾಸದಿಂದ ಹಿಡಿದು ವಿಪತ್ತು ನಿರ್ವಹಣೆಯವರೆಗೆ 10 ಪಾಠಗಳು. ಈ ಪುಸ್ತಕ ಮೇಲುಮೇಲಿನದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಜೀವಕ್ರಿಯೆಗಳ ಪಾಠದಲ್ಲಿ ಅದು ಜೀವಕೋಶವು ಗ್ಲೂಕೋಸಿನಿಂದ ಶಕ್ತಿ ಪಡೆಯುವ ಹಂತಗಳಾದ ಗ್ಲೈಕಾಲಿಸಿಸ್, ಕ್ರೆಬ್ಸ್ ಚಕ್ರ ಮತ್ತು ಎಲೆಕ್ಟ್ರಾನ್ ಸಾಗಣೆಯ ಸರಪಳಿಯವರೆಗೆ ಹೋಗುತ್ತದೆ. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕವಾದರೋ ಗ್ಲೂಕೋಸ್ ಒಡೆದು ಪೈರುವೇಟ್ ಎಂಬ ಸಣ್ಣ ಅಣು ಆಗುವುದನ್ನೂ ಅಲ್ಲಿಂದ ಮುಂದಿನ ಮೂರು ದಾರಿಗಳನ್ನೂ ತೋರಿಸಿ ನಿಲ್ಲುತ್ತದೆ.

ಆದರೆ ಈ ಆಳಕ್ಕೆ ಇಳಿಯುವ ಮೊದಲು ಬೇಕಾದ ಮೆಟ್ಟಿಲುಗಳು ಆ ಪುಸ್ತಕದಲ್ಲಿಲ್ಲ. ಉಸಿರಾಟ ಮತ್ತು ರಕ್ತ ಪರಿಚಲನೆಯನ್ನು ಎಂಟನೆಯ ತರಗತಿಯಲ್ಲಿ, ಸಸ್ಯಗಳಲ್ಲಿ ಸಾಗಾಣಿಕೆ ಹಾಗೂ ವಿಸರ್ಜನೆಯನ್ನು ಒಂಬತ್ತನೆಯ ತರಗತಿಯಲ್ಲಿ ಕಲಿಸಿ ಮುಗಿಸಿರುವುದರಿಂದ, ಹತ್ತನೆಯ ತರಗತಿಯ ಪಾಠವು ನೇರವಾಗಿ ಜೀವಕೋಶದೊಳಗಿನ ಶಕ್ತಿ ಉತ್ಪಾದನೆಗೆ ಬರುತ್ತದೆ. ಎರಡು ವರ್ಷಗಳ ಹಿಂದೆ ಓದಿದ್ದು ಮರೆತುಹೋದ ಮಗುವಿಗೆ ಇದು ತಳಪಾಯ ಕಾಣದ ಮಹಡಿಯಂತೆ ತೋರುತ್ತದೆ. ಒಂದು ರಾತ್ರಿ ಮಗಳು, "ಅವ್ವಾ, ಕ್ರೆಬ್ಸ್ ಚಕ್ರ ನನಗೆ ಬಾಯಿಗೆ ಬರುತ್ತದೆ, ಆದರೆ ಈ ಗ್ಲೂಕೋಸ್ ಜೀವಕೋಶದವರೆಗೆ ಹೇಗೆ ಬಂತು, ಆಕ್ಸಿಜನ್ ಯಾಕೆ ಬೇಕು ಎನ್ನುವುದೇ ಗೊತ್ತಿಲ್ಲ" ಎಂದಳು. ಎನ್‌ಸಿಇಆರ್‌ಟಿ ಪುಸ್ತಕವನ್ನು ತರಲು ನಾನು ಲಕ್ಷ್ಮಿ ರಸ್ತೆಯ ಕಡೆಗೆ ಹೋದದ್ದು ಆ ಪ್ರಶ್ನೆಯಿಂದಾಗಿ.

ಎನ್‌ಸಿಇಆರ್‌ಟಿಯ ಪುಸ್ತಕದಲ್ಲಿ ಜೀವಕ್ರಿಯೆಗಳು ಎಂಬ ಒಂದೇ ಪಾಠದೊಳಗೆ ಪೋಷಣೆ, ಉಸಿರಾಟ, ಸಾಗಾಣಿಕೆ ಮತ್ತು ವಿಸರ್ಜನೆ ನಾಲ್ಕೂ ಒಂದರ ಹಿಂದೊಂದರಂತೆ ಬರುತ್ತವೆ. ಒಂದು ವಸ್ತುವಿಗೆ ಜೀವವಿದೆ ಎಂದು ನಾವು ಯಾವ ಆಧಾರದ ಮೇಲೆ ಹೇಳುತ್ತೇವೆ ಎಂಬ ಪ್ರಶ್ನೆಯನ್ನು ಅದು ಮೊದಲಿಗೆ ಎತ್ತುತ್ತದೆ. ಆಹಾರ ಬರಬೇಕು, ಅದನ್ನು ಒಡೆಯಲು ಆಮ್ಲಜನಕ ಬರಬೇಕು, ಎರಡನ್ನೂ ಮೈಯ ಮೂಲೆಮೂಲೆಗೆ ಒಯ್ಯಬೇಕು, ಉಳಿದ ಕಶ್ಮಲವನ್ನು ಹೊರಗೆ ಹಾಕಬೇಕು ಎಂದು ಕಾರಣದಿಂದ ಕಾರಣಕ್ಕೆ ಸಾಗುತ್ತದೆ. ಈ ಪಾಠವನ್ನು ಒಂದು ವಾರ ಓದಿ ಮತ್ತೆ ರಾಜ್ಯ ಮಂಡಳಿಯ ಪುಸ್ತಕಕ್ಕೆ ಮರಳಿದಾಗ ಕ್ರೆಬ್ಸ್ ಚಕ್ರಕ್ಕೆ ಒಂದು ನೆಲೆ ಸಿಕ್ಕಿತು. ಜೀವಕ್ರಿಯೆಗಳ ಮಟ್ಟಿಗೆ ನನ್ನ ತೀರ್ಮಾನ ಇದು: ರಾಜ್ಯ ಮಂಡಳಿಯ ಮಕ್ಕಳು ಎನ್‌ಸಿಇಆರ್‌ಟಿಯ ಆ ಒಂದು ಪಾಠವನ್ನು ಮೊದಲು ಓದಬೇಕು, ತಮ್ಮ ಪುಸ್ತಕವನ್ನು ಆಮೇಲೆ ತೆರೆಯಬೇಕು.

ಎನ್‌ಸಿಇಆರ್‌ಟಿಯ ಇನ್ನೊಂದು ಬಲವೆಂದರೆ ಮನೆಯಲ್ಲಿಯೇ ಮಾಡಬಹುದಾದ ಚಟುವಟಿಕೆಗಳು. ಅನ್ನದ ಗಂಜಿಯ ತಿಳಿಯನ್ನು ಎರಡು ಗಾಜಿನ ಲೋಟಗಳಲ್ಲಿ ಹಾಕಿ, ಒಂದಕ್ಕೆ ಮಾತ್ರ ಲಾಲಾರಸ ಸೇರಿಸಿ, ಅರ್ಧ ಗಂಟೆ ಬಿಟ್ಟು ಎರಡಕ್ಕೂ ಅಯೋಡಿನ್ ಹನಿಸಿದೆವು. ಪಿಷ್ಟವಿದ್ದಲ್ಲಿ ಅಯೋಡಿನ್ ನೀಲಿಯಾಗುತ್ತದೆ. ಲಾಲಾರಸ ಸೇರಿಸದ ಲೋಟ ಕಡುನೀಲಿಯಾಯಿತು, ಲಾಲಾರಸ ಪಿಷ್ಟವನ್ನು ಒಡೆದಿದ್ದ ಇನ್ನೊಂದು ನೀಲಿ ಬಣ್ಣ ತಳೆಯಲಿಲ್ಲ. ಎಲೆಯಡಿಕೆಗೆ ಬಳಸುವ ಸುಣ್ಣವನ್ನು ನೀರಿನಲ್ಲಿ ಕದಡಿ ಸೋಸಿದ ತಿಳಿಗೆ ಕೊಳವೆಯಿಂದ ಉಸಿರು ಊದಿದಾಗ, ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದ ಅದು ಹಾಲಿನಂತೆ ಬೆಳ್ಳಗಾಯಿತು. ಎಲೆಯ ಪಿಷ್ಟದ ಪರೀಕ್ಷೆ ಮಾತ್ರ ಮೊದಲ ಸಲ ಕೆಟ್ಟಿತು. ಬಾಲ್ಕನಿಯ ಬಿಳಿ-ಹಸಿರು ಮನಿಪ್ಲಾಂಟನ್ನು ಮೂರು ದಿನ ಕತ್ತಲಲ್ಲಿಡದೆ ನೇರವಾಗಿ ಎಲೆ ಕಿತ್ತಿದ್ದೆವು. ಜೊತೆಗೆ ಸ್ಪಿರಿಟ್‌ನಲ್ಲಿ ಹಸಿರು ಪೂರ್ತಿ ಇಳಿಯುವವರೆಗೆ ಕಾಯಲಿಲ್ಲ. ಎರಡನೆಯ ಸಲ ಸಸಿಯನ್ನು ಕತ್ತಲಲ್ಲಿಟ್ಟು, ಆಮೇಲೆ ಆರು ಗಂಟೆ ಬಿಸಿಲಿಗಿಟ್ಟು, ಕುದಿಸಿದ ನೀರಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಬೆಂಕಿಯಿಂದ ದೂರ ತಂದ ಮೇಲೆಯೇ ಅದರೊಳಗೆ ಸ್ಪಿರಿಟ್‌ನ ಬಟ್ಟಲನ್ನಿಟ್ಟೆ, ಏಕೆಂದರೆ ಸ್ಪಿರಿಟ್‌ನ ಆವಿ ಬೆಂಕಿಗೆ ಹೊತ್ತಿಕೊಳ್ಳುತ್ತದೆ. ಮಕ್ಕಳನ್ನು ಈ ಕೆಲಸಕ್ಕೆ ಒಬ್ಬರೇ ಬಿಡಬಾರದು. ಆಗ ಹಸಿರಿದ್ದ ಭಾಗ ಮಾತ್ರ ನೀಲಿಗಪ್ಪಾಗಿ, ಬಿಳಿಯಿದ್ದ ಭಾಗ ಹಾಗೆಯೇ ಉಳಿಯಿತು. ಕೆಟ್ಟುಹೋದ ಮೊದಲ ಪ್ರಯೋಗವೇ ಅವಳಿಗೆ ಹೆಚ್ಚು ಕಲಿಸಿತೆಂದು ನನಗೆ ಅನಿಸುತ್ತದೆ: ಸಸಿಯನ್ನು ಕತ್ತಲಲ್ಲಿಡುವುದು ಎಲೆಯಲ್ಲಿ ಹಿಂದಿನಿಂದ ಕೂಡಿಟ್ಟ ಪಿಷ್ಟ ಖರ್ಚಾಗಲಿ ಎಂದು, ಇಲ್ಲವಾದರೆ ಇವತ್ತಿನ ಬಿಸಿಲಿನ ಫಲ ಯಾವುದು, ನಿನ್ನೆಯ ದಾಸ್ತಾನು ಯಾವುದು ಎಂದು ತಿಳಿಯುವುದಿಲ್ಲ ಎಂಬುದನ್ನು ಅವಳು ತಾನೇ ಹೇಳಿದಳು.

ಇನ್ನು ಕನ್ನಡದ ಪುಸ್ತಕ. ಕರ್ನಾಟಕದ ಹತ್ತನೆಯ ತರಗತಿಯ ವಿಜ್ಞಾನವು ಎನ್‌ಸಿಇಆರ್‌ಟಿಯದೇ ಅನುವಾದವಾದ್ದರಿಂದ ಅದರಲ್ಲಿ ಹೊಸದೇನು ಸಿಗಬಹುದು ಎಂದು ನಾನು ಮೊದಲು ಅದನ್ನು ಬದಿಗಿಟ್ಟಿದ್ದೆ. ವಾಕ್ಯಗಳು ಅಲ್ಲಲ್ಲಿ ಬಿಗಿಯಾಗಿವೆ, ಇಂಗ್ಲಿಷಿನ ಉದ್ದವಾದ ವಾಕ್ಯವನ್ನು ಹಾಗೆಯೇ ಇಳಿಸಿದ ಕಡೆ ಎರಡು ಸಲ ಓದಬೇಕಾಗುತ್ತದೆ. ಆದರೂ ನಮ್ಮ ಮನೆಯಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಅದರ ಪಾರಿಭಾಷಿಕ ಪದಗಳು. ಅಪಧಮನಿ ಮತ್ತು ಅಭಿಧಮನಿ ಎಂಬ ಜೋಡಿಯನ್ನೇ ನೋಡಿ. ಅಪ ಎಂದರೆ ದೂರಕ್ಕೆ, ಅಭಿ ಎಂದರೆ ಕಡೆಗೆ. ಹೃದಯದಿಂದ ದೂರಕ್ಕೆ ರಕ್ತವನ್ನು ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ಆರ್ಟರಿ ಎಂದರೆ ಶುದ್ಧ ರಕ್ತ, ವೇಯ್ನ್ ಎಂದರೆ ಅಶುದ್ಧ ರಕ್ತ ಎಂದು ಕಂಠಪಾಠ ಮಾಡಿದ್ದ ಮಗಳು ಶ್ವಾಸಕೋಶಕ್ಕೆ ಹೋಗುವ ಆರ್ಟರಿಯ ಬಳಿ ಬಂದಾಗ ತಬ್ಬಿಬ್ಬಾಗುತ್ತಿದ್ದಳು, ಏಕೆಂದರೆ ಅದರಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಾದ ರಕ್ತ. ಹೆಸರು ರಕ್ತದ ಗುಣದಿಂದ ಬಂದದ್ದಲ್ಲ, ಹರಿವಿನ ದಿಕ್ಕಿನಿಂದ ಬಂದದ್ದು ಎಂದು ಕನ್ನಡದ ಪದವೇ ತಿಳಿಸಿಬಿಟ್ಟ ಮೇಲೆ ಆ ತಪ್ಪು ಮತ್ತೆ ಆಗಲಿಲ್ಲ.

ಹೃದಯದ ಮೇಲಿನ ಕೋಣೆಗೆ ಹೃತ್ಕರ್ಣ, ಕೆಳಗಿನದಕ್ಕೆ ಹೃತ್ಕುಕ್ಷಿ ಎಂಬ ಪದಗಳೂ ಹಾಗೆಯೇ. ಒಂದು ಹೃದಯದ ಕಿವಿ, ಇನ್ನೊಂದು ಹೃದಯದ ಹೊಟ್ಟೆ. ಇಂಗ್ಲಿಷಿನ ಆರಿಕಲ್ ಎಂಬುದರ ಲ್ಯಾಟಿನ್ ಮೂಲಕ್ಕೂ ಪುಟ್ಟ ಕಿವಿ ಎಂದೇ ಅರ್ಥ, ವೆಂಟ್ರಿಕಲ್ ಎಂಬುದಕ್ಕೆ ಪುಟ್ಟ ಹೊಟ್ಟೆ ಎಂದು. ಕ್ಲೋರೋಫಿಲ್ ಎಂಬ ಗ್ರೀಕ್ ಮೂಲದ ಪದವನ್ನು ಬಿಡಿಸಿದರೆ ಹಸಿರು ಮತ್ತು ಎಲೆ ಸಿಗುತ್ತವೆ. ಪತ್ರಹರಿತ್ತು ಎಂಬುದರಲ್ಲಿಯೂ ಅವೇ ಎರಡು ಇವೆ. ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವ ಮಗುವಿಗೆ ಕನ್ನಡದ ಪುಸ್ತಕ ಹೊರೆಯಾಗಬಹುದೆಂದು ಹೆದರಿದ್ದ ನಾನು, ಇಂಗ್ಲಿಷ್ ಪದದ ಬೀಗವನ್ನು ತೆರೆಯುವ ಕೀಲಿಕೈ ಕನ್ನಡದ ಪದದಲ್ಲಿರುವುದನ್ನು ಕಂಡು ಸಂತೋಷಪಟ್ಟೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಪುಣೆಯಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಮರಾಠಿಯ ಪದಗಳು ಕಿವಿಯಲ್ಲಿರುತ್ತವೆ, ಅವು ಒಮ್ಮೊಮ್ಮೆ ಕನ್ನಡದ ಪದಗಳೊಡನೆ ಡಿಕ್ಕಿ ಹೊಡೆಯುತ್ತವೆ. ಮರಾಠಿಯಲ್ಲಿ ಪೇಶಿ ಎಂದರೆ ಜೀವಕೋಶ. ನಮಗೆ ಮಾಂಸಪೇಶಿ ಎಂದರೆ ಸ್ನಾಯು. ಮರಾಠಿಯಲ್ಲಿ ಕಿಣ್ವನ ಎಂದರೆ ಹುದುಗುವಿಕೆ. ನಮ್ಮ ಕಿಣ್ವಕ್ಕೆ, ಅಂದರೆ ಎನ್‌ಜೈಮಿಗೆ, ಅವರು ವಿಕರ ಎನ್ನುತ್ತಾರೆ. ಮೈಯ ಕಶ್ಮಲವನ್ನು ಹೊರಹಾಕುವುದಕ್ಕೆ ನಾವು ವಿಸರ್ಜನೆ ಎನ್ನುವ ಕ್ರಿಯೆ ಮರಾಠಿ ಪುಸ್ತಕಗಳಲ್ಲಿ ಉತ್ಸರ್ಜನ. ಇಲ್ಲಿಯ ಮಗುವಿಗೆ ವಿಸರ್ಜನೆ ಎಂದ ಕೂಡಲೇ ಗಣಪತಿಯ ಮೆರವಣಿಗೆ ಕಣ್ಣಮುಂದೆ ಬರುತ್ತದೆ. ಆದ್ದರಿಂದ ನಾವು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಮೂರು ಭಾಷೆಗಳ ಪದಗಳನ್ನು ಅಕ್ಕಪಕ್ಕ ಬರೆದು ಗೋಡೆಗೆ ಅಂಟಿಸಿದೆವು. ಜೊತೆಗೆ ಓದಲು ಬರುತ್ತಿದ್ದ ಅವಳ ಮರಾಠಿ ಗೆಳತಿಗೂ ಅದರಿಂದ ಉಪಯೋಗವಾಯಿತು.

ವಿಡಿಯೊ ಪಾಠಗಳ ಬಗ್ಗೆ ನನ್ನ ಅಭಿಪ್ರಾಯ ಎರಡು ಭಾಗವಾಗಿದೆ. ಚಲನೆ ಇರುವ ವಿಷಯಕ್ಕೆ ಅವುಗಳಿಗೆ ಸಾಟಿಯಿಲ್ಲ. ಅರೆವಿಭಜನೆಯಲ್ಲಿ (ಮಿಯಾಸಿಸ್) ವರ್ಣತಂತುಗಳು ಜೋಡಿಯಾಗಿ, ತುಣುಕುಗಳನ್ನು ಬದಲಿಸಿಕೊಂಡು, ಬೇರೆಯಾಗುವ ಬಗೆಯನ್ನು ಯಾವ ಪುಸ್ತಕದ ಚಿತ್ರವೂ ಅಷ್ಟು ಸ್ಪಷ್ಟವಾಗಿ ತೋರಿಸಲಿಲ್ಲ. ಆದರೆ ನಿಂತ ರಚನೆಗಳನ್ನು ಕಲಿಯಲು ಅವು ಮೋಸಗೊಳಿಸುತ್ತವೆ: ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಸಣ್ಣ ಘಟಕವಾದ ನೆಫ್ರಾನ್ ಬಗ್ಗೆ ಮೂರು ವಿಡಿಯೊ ನೋಡಿ ಎಲ್ಲ ತಿಳಿಯಿತೆಂದವಳು ಮರುದಿನ ಖಾಲಿ ಹಾಳೆಯ ಮೇಲೆ ಅದರ ತುದಿಯ ಬೌಮನ್ನನ ಬಟ್ಟಲಿನಿಂದ ಮುಂದಕ್ಕೆ ಗೆರೆ ಎಳೆಯಲಾಗದೆ ಕುಳಿತಳು. ಆಗ ಬಕೆಟ್ ತಂದೆ. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ, ಹೊರಗೆ ಹೋಗುವುದು ಒಂದೆರಡು ಲೀಟರ್ ಮಾತ್ರ. ನಮ್ಮ ಸ್ನಾನದ ಮನೆಯ ಬಕೆಟ್ 20 ಲೀಟರಿನದು. ಅಂಥ ಒಂಬತ್ತು ಬಕೆಟ್ ನೀರನ್ನು ಸೋಸಿ, ಒಂದು ದೊಡ್ಡ ತಂಬಿಗೆಯಷ್ಟನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಮರಳಿ ರಕ್ತಕ್ಕೆ ಸೇರಿಸಬೇಕಾದರೆ ಆ ನಳಿಕೆ ಎಷ್ಟು ಉದ್ದವಿರಬೇಕು, ಅದರ ಸುತ್ತ ಎಷ್ಟು ಲೋಮನಾಳಗಳು (ಕೂದಲಿನಷ್ಟು ಸಣ್ಣ ರಕ್ತನಾಳಗಳು) ಹೆಣೆದಿರಬೇಕು ಎಂದು ಯೋಚಿಸಿದ ಮೇಲೆ ಚಿತ್ರ ತಾನಾಗಿ ಕೈಗೆ ಬಂದಿತು.

ಡೈಜೆಸ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊನೆಯ ಎರಡು ತಿಂಗಳು ಸಮಯ ಹಿಡಿದು ಉತ್ತರ ಬರೆಯುವ ಅಭ್ಯಾಸಕ್ಕೆ ಅದು ಒಳ್ಳೆಯದು. ಅದಕ್ಕೂ ಮೊದಲು ತೆರೆದರೆ ಮಗು ಪಾಠವನ್ನು ಓದುವುದನ್ನೇ ಬಿಡುತ್ತದೆ. ನಮ್ಮಲ್ಲಿ ಜುಲೈನಲ್ಲಿ ಹಾಗೆಯೇ ಆಗಿತ್ತು, ಆಗಸ್ಟ್‌ನಲ್ಲಿ ಅದನ್ನು ಕಪಾಟಿನ ಮೇಲೆ ಎತ್ತಿಟ್ಟೆ.

ಪರಿಸರ ಮತ್ತು ನೈಸರ್ಗಿಕ ಸಂಪನ್ಮೂಲಗಳ ವಿಷಯಕ್ಕೆ ಬಂದಾಗ ತಕ್ಕಡಿ ಬದಲಾಗುತ್ತದೆ. ರಾಜ್ಯ ಮಂಡಳಿಯ ಪುಸ್ತಕ ಇಲ್ಲಿ 1972ರ ವನ್ಯಜೀವಿ ಸಂರಕ್ಷಣೆ, 1980ರ ಅರಣ್ಯ ಸಂರಕ್ಷಣೆ, 1986ರ ಪರಿಸರ ಸಂರಕ್ಷಣೆ ಕಾಯ್ದೆಗಳನ್ನು ಕ್ರಮವಾಗಿ ಕೊಡುತ್ತದೆ. ಹಸಿರು ಶಕ್ತಿಗೆ ಒಂದು ಇಡೀ ಪಾಠವನ್ನೇ ಮೀಸಲಿಟ್ಟಿದೆ. ಎನ್‌ಸಿಇಆರ್‌ಟಿಯು ನೈಸರ್ಗಿಕ ಸಂಪನ್ಮೂಲಗಳ ಸುಸ್ಥಿರ ನಿರ್ವಹಣೆ ಎಂಬ ಪಾಠವನ್ನು 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ಕೈಬಿಟ್ಟಿತು. ನಾನು ತಂದ ಹೊಸ ಮುದ್ರಣದಲ್ಲಿ ಅದು ಇರಲಿಲ್ಲ. ಅಣ್ಣನ ಮಗಳ ಹಳೆಯ ಕನ್ನಡ ಪುಸ್ತಕದಲ್ಲಿ ಇತ್ತು. ಆ ಪಾಠವನ್ನು ಓದಿದವರು ಅದರ ನಷ್ಟವನ್ನು ಬಲ್ಲರು. ಪಶ್ಚಿಮ ಬಂಗಾಳದ ಅರಬಾರಿಯಲ್ಲಿ ಹಾಳಾಗಿದ್ದ ಸಾಲ್ ಕಾಡನ್ನು ಊರವರಿಗೆ ಪಾಲು ಕೊಟ್ಟು ಮತ್ತೆ ಬೆಳೆಸಿದ ಕಥೆ, ಮಹಾರಾಷ್ಟ್ರದ ಬಂಧಾರ ಮತ್ತು ಕರ್ನಾಟಕದ ಕಟ್ಟೆಗಳಂತಹ ಹಳೆಯ ನೀರಿನ ವ್ಯವಸ್ಥೆಗಳು, ಗಂಗೆಯ ನೀರಿನಲ್ಲಿ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾಗಳ ಎಣಿಕೆ ಎಲ್ಲವೂ ಅಲ್ಲಿದ್ದವು. ಕಾಯ್ದೆಗಳ ಪಟ್ಟಿಯಿಂದ ಮಗುವಿಗೆ ಅಂಕ ಸಿಗುತ್ತದೆ. ಕಾಡು ಯಾರದು, ನೀರು ಯಾರದು ಎಂಬ ಪ್ರಶ್ನೆ ಸಿಗುವುದು ಈ ಪಾಠದಿಂದ. ಇಲ್ಲಿ ನಾನು ಹಳೆಯ ಕನ್ನಡ ಪುಸ್ತಕದ ಪರವಾಗಿದ್ದೇನೆ.

ಆ ಪಾಠದಲ್ಲಿ ನೀರಿನ ಪಿಎಚ್ ಪರೀಕ್ಷಿಸುವ ಚಟುವಟಿಕೆಯೊಂದಿದೆ. ಡಿಸೆಂಬರಿನ ಒಂದು ಭಾನುವಾರ ಕೈಗೆ ಗವಸು ಹಾಕಿಕೊಂಡು, ಮುಳಾ ಮತ್ತು ಮುಠಾ ಕೂಡುವ ಸಂಗಮದ ಹತ್ತಿರ ಒಂದು ಬಾಟಲಿ ನೀರು ತುಂಬಿ ತಂದೆವು. ಮನೆಯ ನಲ್ಲಿಯ ನೀರನ್ನು ಇನ್ನೊಂದು ಬಾಟಲಿಯಲ್ಲಿಟ್ಟೆವು. ನಲ್ಲಿಯ ನೀರು ಖಡಕ್‌ವಾಸಲಾ ಜಲಾಶಯದ ಕಡೆಯಿಂದ, ಅಂದರೆ ಅದೇ ಮುಠಾ ನದಿಯಿಂದ ಬಂದದ್ದು. ಬಣ್ಣದ ಪಟ್ಟಿಗಳನ್ನು ಅದ್ದಿ ನೋಡಿದರೆ ಎರಡೂ 7ರ ಆಸುಪಾಸಿನಲ್ಲಿದ್ದವು. ಮೂಗು ಮುಚ್ಚಿಕೊಂಡು ತುಂಬಿದ ನೀರಿಗೂ ಕುಡಿಯುವ ನೀರಿಗೂ ವ್ಯತ್ಯಾಸ ಕಾಣದಿದ್ದಾಗ ಮಗಳು ಪಟ್ಟಿಗಳು ಹಾಳಾಗಿವೆ ಎಂದಳು. ಪಟ್ಟಿಗಳು ಸರಿಯಾಗಿಯೇ ಇದ್ದವು: ಪಿಎಚ್ ತಿಳಿಸುವುದು ಆಮ್ಲ ಮತ್ತು ಕ್ಷಾರವನ್ನು, ಚರಂಡಿ ಸೇರಿದ್ದನ್ನಲ್ಲ. ಅದಕ್ಕಾಗಿಯೇ ಪುಸ್ತಕ ಮನುಷ್ಯನ ಕರುಳಿನಲ್ಲಿ ವಾಸಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಮಾತೆತ್ತಿತ್ತು. ನೀರಿನಲ್ಲಿ ಅವು ಕಂಡರೆ ಮಲ ಬೆರೆತಿದೆ, ರೋಗಾಣುಗಳೂ ಬೆರೆತಿರಬಹುದು ಎಂದು ಅರ್ಥ. ಬರೀ ಓದಿದಾಗ ಆ ವಾಕ್ಯವನ್ನು ನಾವಿಬ್ಬರೂ ದಾಟಿಹೋಗಿದ್ದೆವು.

ಅಂದು ಸಂಜೆ ಅವಳು ನಕಾಶೆ ತೆರೆದು ಆ ನೀರಿನ ದಾರಿಯನ್ನು ಪೆನ್ಸಿಲಿನಿಂದ ಎಳೆದಳು. ಮುಳಾ-ಮುಠಾ ಪುಣೆಯ ಪೂರ್ವಕ್ಕೆ ಹರಿದು ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಜಲಾಶಯವನ್ನು ದಾಟಿ, ಸೊಲ್ಲಾಪುರ ಜಿಲ್ಲೆಯನ್ನು ಹಾದು, ನಮ್ಮ ಅಫಜಲಪುರದ ಕಡೆ ಬಂದು, ಗಾಣಗಾಪುರದ ಬಳಿ ಅಮರ್ಜಾ ನದಿಯನ್ನು ಕೂಡಿಕೊಂಡು, ಕೊನೆಗೆ ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುತ್ತದೆ. "ನಾವು ಇಲ್ಲಿ ಬಿಟ್ಟ ನೀರು ಅಜ್ಜಿಯ ಹೊಲಕ್ಕೆ ಹೋಗುತ್ತದೆಯೇ?" ಎಂದು ಕೇಳಿದಳು. ಹೋಗುತ್ತದೆ ಎಂದೆ. ಅವಳು ಪೆನ್ಸಿಲಿನ ಗೆರೆಯ ಮೇಲೆ ನಮ್ಮ ಊರಿನ ಹೆಸರನ್ನು ಬರೆದು, ಅದರ ಕೆಳಗೆ ಪರಿಸರ ನಿರ್ವಹಣೆಯ ಪಾಠದ ಮೊದಲ ಪ್ರಶ್ನೆಗೆ ಉತ್ತರ ಬರೆಯಲು ಕುಳಿತಳು.